ಕಾಯಿ ಒಂದು, ಹರಕೆ ಎರಡು: ಡಬಲ್ ಮೇಜರ್‌ನಲ್ಲಿ ಎರಡೂ ಕಡೆ ಸಲ್ಲುವ ಕೋರ್ಸ್‌ಗಳ ಲೆಕ್ಕ

ಕರ್ನಾಟಕದಲ್ಲಿ ಬಿ.ಎಸ್ಸಿ. ಓದಿದವರಿಗೆ ಕಾಂಬಿನೇಷನ್ ಎಂದರೇನೆಂದು ಹೇಳಿಕೊಡಬೇಕಿಲ್ಲ. ಪಿಸಿಎಂ ತೆಗೆದುಕೊಂಡರೆ ಭೌತಶಾಸ್ತ್ರದ ಪತ್ರಿಕೆ ಭೌತಶಾಸ್ತ್ರಕ್ಕೆ, ಗಣಿತದ ಪತ್ರಿಕೆ ಗಣಿತಕ್ಕೆ. ಒಂದರಲ್ಲಿ ಬರೆದದ್ದು ಇನ್ನೊಂದರ ಖಾತೆಗೆ ಜಮೆಯಾಗುವ ಪ್ರಶ್ನೆಯೇ ಇಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ನಮ್ಮಲ್ಲೂ ಡಬಲ್ ಮೇಜರ್, ಅಂದರೆ ಒಂದೇ ಪದವಿಯಲ್ಲಿ ಎರಡು ಮುಖ್ಯ ವಿಷಯ, ಎಂಬ ಮಾತು ಕೇಳಿಬಂತು. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ಮೇಲೆ ಆ ಮಾತು ತಣ್ಣಗಾಯಿತು.

ಈ ಹಿನ್ನೆಲೆಯಿಂದ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೋದವರಿಗೆ ಅಲ್ಲಿನ ಡಬಲ್ ಮೇಜರ್ ಮೊದಲಿಗೆ ವರದಂತೆ ಕಾಣುತ್ತದೆ. ಒಂದೇ ಕೋರ್ಸನ್ನು ಎರಡು ಮೇಜರ್‌ಗಳಿಗೂ ತೋರಿಸಬಹುದು. ಒಂದೇ ಕಾಯಿ ಒಡೆದು ಎರಡು ದೇವರ ಹರಕೆ ತೀರಿಸಿದ ಹಾಗೆ. ಎಷ್ಟು ಕಾಯಿಗೆ ಹೀಗೆ ಮಾಡಬಹುದು, ಯಾವ ಕಾಯಿಗೆ ಮಾಡಬಹುದು, ಅದನ್ನು ಯಾರು ಒಪ್ಪಬೇಕು ಎಂಬುದರಲ್ಲಿ ತಪ್ಪಿದರೆ ಮಾತ್ರ ನಾಲ್ಕು ವರ್ಷದ ಓದು ನಾಲ್ಕೂವರೆಯಾಗುತ್ತದೆ.

ನಾನು ತಪ್ಪಿದ್ದೆ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎರಡನ್ನೂ ಮೇಜರ್ ಮಾಡಿಕೊಂಡು ಮೂರು ಕೋರ್ಸ್‌ಗಳನ್ನು ಎರಡೂ ಕಡೆ ಎಣಿಸಿಕೊಂಡಿದ್ದೆ. ಒಂದು ವಿಭಾಗದ ಕೈಪಿಡಿ ಮೂರಕ್ಕೆ ಒಪ್ಪುತ್ತಿತ್ತು. ಯಾವ ಅಗತ್ಯ ಮುಗಿದಿದೆ ಎಂದು ಕಂಪ್ಯೂಟರ್ ತೋರಿಸುವ ಡಿಗ್ರಿ ಆಡಿಟ್‌ನಲ್ಲೂ ಪ್ರತಿ ಸಾಲಿನ ಎದುರು ಹಸಿರು ಗುರುತು ಇತ್ತು. ಕೊನೆಯ ಸೆಮಿಸ್ಟರಿನ ಮಾರ್ಚ್ ತಿಂಗಳಲ್ಲಿ, ವಿಶ್ವವಿದ್ಯಾಲಯದೊಳಗೆ ವಿಭಾಗಗಳ ಮೇಲಿರುವ ಕಾಲೇಜಿನ ಕಚೇರಿಯಿಂದ ಪತ್ರ ಬಂತು: ಎರಡಕ್ಕಿಂತ ಹೆಚ್ಚು ಕೋರ್ಸ್ ಎರಡೂ ಕಡೆ ಸಲ್ಲುವುದಿಲ್ಲ, ನಿಮಗೆ ಒಂದು ಕೋರ್ಸ್ ಕಡಿಮೆ ಬಿದ್ದಿದೆ. ಅಷ್ಟರಲ್ಲಿ ಅಪ್ಪ ಅಮ್ಮ ಘಟಿಕೋತ್ಸವಕ್ಕೆಂದು ಹಾಸನದಿಂದ ಹೊರಡಲು ಟಿಕೆಟ್ ಮಾಡಿಸಿಯಾಗಿತ್ತು. ಅವರು ಬಂದರು, ನಾನು ನಿಲುವಂಗಿ ತೊಟ್ಟು ಮೆರವಣಿಗೆಯಲ್ಲಿ ನಡೆದೆ, ಫೋಟೊ ತೆಗೆಸಿಕೊಂಡೆವು. ಪದವಿ ಬಂದದ್ದು ಆಗಸ್ಟ್‌ನಲ್ಲಿ, ಬೇಸಿಗೆಯ ಶುಲ್ಕ ಕಟ್ಟಿ ಇನ್ನೊಂದು ಕೋರ್ಸ್ ಮುಗಿಸಿದ ಮೇಲೆ. ಆ ಫೋಟೊ ನೋಡಿದಾಗಲೆಲ್ಲ ಎರಡನೇ ವರ್ಷದಲ್ಲೇ ಒಂದು ಸಂಜೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ಎಂದು ಮನಸ್ಸು ಹಿಂಡುತ್ತದೆ. ಆ ಸಂಜೆಯ ಕೆಲಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು: ಅಗತ್ಯ ಬೇರೆ, ಕ್ರೆಡಿಟ್ ಬೇರೆ

ಅಮೆರಿಕದ ಪದವಿಗೆ ಎರಡು ಬಗೆಯ ಲೆಕ್ಕಗಳಿವೆ. ಒಂದು, ಮೇಜರ್‌ನ ಅಗತ್ಯಗಳ ಪಟ್ಟಿ: ಇಂತಿಂಥ ಕೋರ್ಸ್‌ಗಳನ್ನು ಓದಿರಬೇಕು. ಇನ್ನೊಂದು, ಪದವಿಯ ಒಟ್ಟು ಕ್ರೆಡಿಟ್: ಸೆಮಿಸ್ಟರ್ ಪದ್ಧತಿಯಲ್ಲಿ ಸಾಮಾನ್ಯವಾಗಿ 120, ಕ್ವಾರ್ಟರ್ ಪದ್ಧತಿಯಲ್ಲಿ 180. ಒಂದು ಸೆಮಿಸ್ಟರ್ ಕ್ರೆಡಿಟ್ ಒಂದೂವರೆ ಕ್ವಾರ್ಟರ್ ಕ್ರೆಡಿಟ್‌ಗೆ ಸಮ. ಆದ್ದರಿಂದ ಎರಡೂ ಒಂದೇ ಭಾರ.

ಒಂದು ಕೋರ್ಸ್ ಎರಡು ಮೇಜರ್‌ಗಳಿಗೂ ಸಂದಾಗ ಎರಡು ಪಟ್ಟಿಗಳಲ್ಲಿ ಒಂದೊಂದು ಸಾಲು ಅಳಿಯುತ್ತದೆ. ಆದರೆ ಆ ಕೋರ್ಸಿನ 4 ಕ್ರೆಡಿಟ್ 8 ಆಗುವುದಿಲ್ಲ. ಒಟ್ಟು 120ರ ಖಾತೆಗೆ ಅದು ಒಂದೇ ಸಲ, 4 ಆಗಿಯೇ ಬೀಳುತ್ತದೆ. ಹರಕೆ ಎರಡು ತೀರಿದರೂ ಒಡೆದ ಕಾಯಿ ಒಂದೇ. ನನ್ನನ್ನು ಕೇಳಿಕೊಂಡು ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಗೊಂದಲಕ್ಕೆ ಮೂಲ ಇದೇ. ಇದನ್ನು ಗಟ್ಟಿ ಮಾಡಿಕೊಂಡರೆ ಮುಂದಿನದೆಲ್ಲ ಕೂಡುವ, ಕಳೆಯುವ ಕೆಲಸ.

ಇದರಿಂದಲೇ ಡಬಲ್ ಮೇಜರ್‌ಗೂ ಡಬಲ್ ಡಿಗ್ರಿಗೂ ಇರುವ ಅಂತರವೂ ತಿಳಿಯುತ್ತದೆ. ಡಬಲ್ ಮೇಜರ್ ಎಂದರೆ ಒಂದೇ ಪದವಿ, ಅದರೊಳಗೆ ಎರಡು ಮುಖ್ಯ ವಿಷಯ. ಡಬಲ್ ಡಿಗ್ರಿ ಎಂದರೆ ಎರಡು ಪದವಿಗಳು, ಬಿ.ಎ. ಒಂದು, ಬಿ.ಎಸ್. ಒಂದು ಎಂಬಂತೆ. ಎರಡನೆಯದಕ್ಕೆ ಹಲವು ಕಡೆ ಒಟ್ಟು ಕ್ರೆಡಿಟ್ಟೇ ಹೆಚ್ಚಬೇಕು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ಪದವಿಗೆ 180 ಕ್ರೆಡಿಟ್ ಬೇಕಾದರೆ ಎರಡಕ್ಕೆ ಕನಿಷ್ಠ 225 ಬೇಕು. ಅಂಥಲ್ಲಿ ನೀವು ಎಷ್ಟೇ ಜಾಣತನದಿಂದ ಕೋರ್ಸ್‌ಗಳನ್ನು ಎರಡೂ ಕಡೆ ಹೊಂದಿಸಿದರೂ ಆ ಹೆಚ್ಚುವರಿ 45 ತಪ್ಪುವುದಿಲ್ಲ. ಹಾಗಾಗಿ ಅರ್ಜಿಯ ಮೇಲೆ ನೀವು ಗುರುತು ಹಾಕುತ್ತಿರುವುದು ಯಾವುದಕ್ಕೆ ಎಂದು ಮೊದಲು ನೋಡಿ. ನಿಮಗೆ ಎರಡು ವಿಷಯ ಬೇಕಿದ್ದು ಎರಡು ಪದವಿ ಬೇಡವಾಗಿದ್ದರೆ ಡಬಲ್ ಡಿಗ್ರಿಯ ಗೋಜಿಗೇ ಹೋಗಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಹೆಜ್ಜೆ 1: ನಿಮ್ಮ ಕ್ಯಾಟಲಾಗ್ ವರ್ಷ ಹಿಡಿಯಿರಿ

ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೊಂದು ಕ್ಯಾಟಲಾಗ್ ಪ್ರಕಟಿಸುತ್ತದೆ. ಮೇಜರ್‌ನ ಅಗತ್ಯಗಳು ಅದರಲ್ಲಿರುತ್ತವೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಿಮಗೆ ಅನ್ವಯಿಸುವುದು ಸಾಮಾನ್ಯವಾಗಿ ನೀವು ಸೇರಿದ ವರ್ಷದ್ದು ಅಥವಾ ಮೇಜರ್ ಘೋಷಿಸಿದ ವರ್ಷದ್ದು. ಮೊದಲ ಮೇಜರ್ ಒಂದು ವರ್ಷದ ಕ್ಯಾಟಲಾಗ್ ಪ್ರಕಾರ, ಎರಡನೆಯದು ಇನ್ನೊಂದರ ಪ್ರಕಾರ ಎಂದಾಗುವುದೂ ಉಂಟು. ಎರಡು ವರ್ಷ ಹಿರಿಯರಾದ ಗೆಳೆಯರ ಪಟ್ಟಿಯನ್ನು ನಂಬಿ ಕೆಟ್ಟವರನ್ನು ಕಂಡಿದ್ದೇನೆ. ನಿಮ್ಮ ವರ್ಷದ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮುಂದೆ ಜಾಲತಾಣ ಬದಲಾದಾಗ ಅದೇ ನಿಮ್ಮ ಸಾಕ್ಷಿ.

ಹೆಜ್ಜೆ 2: ಎರಡು ಪಟ್ಟಿ ಬರೆದು ಎದುರು ಬದುರು ಇಡಿ

ಕಾಗದದಲ್ಲಾಗಲಿ, ಎಕ್ಸೆಲ್‌ನಲ್ಲಾಗಲಿ ಎರಡು ಕಂಬಸಾಲು ಮಾಡಿ. ಪ್ರತಿ ಮೇಜರ್‌ನ ಕೋರ್ಸ್‌ಗಳನ್ನು ಲೋವರ್ ಡಿವಿಷನ್, ಅಪ್ಪರ್ ಡಿವಿಷನ್ ಎಂದು ಬೇರ್ಪಡಿಸಿ ಬರೆಯಿರಿ. ಮೊದಲ ಎರಡು ವರ್ಷದ ತಳಪಾಯದ ಕೋರ್ಸ್‌ಗಳು ಲೋವರ್, ಮುಂದಿನ ಆಳದ ಕೋರ್ಸ್‌ಗಳು ಅಪ್ಪರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಕೋರ್ಸಿನ ಸಂಖ್ಯೆಯೇ ಇದನ್ನು ಹೇಳುತ್ತದೆ: 1ರಿಂದ 99 ಲೋವರ್, 100ರಿಂದ 199 ಅಪ್ಪರ್. ಬೇರೆ ರಾಜ್ಯಗಳ ಹಲವು ಕಡೆ 300, 400ರ ಸರಣಿ ಅಪ್ಪರ್ ಆಗಿರುತ್ತದೆ.

ಈ ಬೇರ್ಪಡಿಕೆ ಏಕೆ ಮುಖ್ಯವೆಂದರೆ, ಮಿತಿ ಇರುವುದು ಬಹುತೇಕ ಅಪ್ಪರ್ ಡಿವಿಷನ್‌ಗೆ. ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್‌ನ ಮೊದಲ ಪಾಠ, ಪರಿಚಯದ ಸಂಖ್ಯಾಶಾಸ್ತ್ರ ಇವುಗಳನ್ನು ಎರಡು ಮೇಜರ್‌ಗಳೂ ಕೇಳಿದರೆ ಸಾಮಾನ್ಯವಾಗಿ ತಕರಾರಿಲ್ಲದೆ ಎರಡೂ ಕಡೆ ಸಲ್ಲುತ್ತವೆ.

ಪ್ರತಿ ಸಾಲಿನ ಪಕ್ಕದಲ್ಲಿ ಇನ್ನೊಂದು ಗುರುತು ಹಾಕಿ: ಅದು ಕಡ್ಡಾಯವೋ, ಆಯ್ಕೆಯೋ. 'ಕ' ಮತ್ತು 'ಆ' ಎಂದು ಬರೆದರೆ ಸಾಕು. ನಾಲ್ಕನೇ ಹೆಜ್ಜೆಯಲ್ಲಿ ಇದೇ ಅಕ್ಷರ ನಿಮ್ಮನ್ನು ಕಾಯುತ್ತದೆ.

ಒಂದು ಉದಾಹರಣೆಯ ಮೇಲೆ ಕೆಲಸ ಮಾಡೋಣ. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ಈ ಪಟ್ಟಿಗಳು ಲೆಕ್ಕ ತೋರಿಸಲು ನಾನು ಮಾಡಿಕೊಂಡವು. ಪ್ರತಿ ಕೋರ್ಸ್ 4 ಕ್ರೆಡಿಟ್, ಪದವಿಗೆ 120 ಎಂದಿಟ್ಟುಕೊಳ್ಳಿ.

ಅರ್ಥಶಾಸ್ತ್ರಕ್ಕೆ ಲೋವರ್ 4: ಪರಿಚಯದ ಅರ್ಥಶಾಸ್ತ್ರ, ಕ್ಯಾಲ್ಕುಲಸ್ 1, ಕ್ಯಾಲ್ಕುಲಸ್ 2, ಪರಿಚಯದ ಸಂಖ್ಯಾಶಾಸ್ತ್ರ. ಅಪ್ಪರ್ 8: ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಇಕನಾಮೆಟ್ರಿಕ್ಸ್ ಕಡ್ಡಾಯ, ಉಳಿದ 5 ಆಯ್ಕೆ.

ಸಂಖ್ಯಾಶಾಸ್ತ್ರಕ್ಕೆ ಲೋವರ್ 5: ಕ್ಯಾಲ್ಕುಲಸ್ 1, ಕ್ಯಾಲ್ಕುಲಸ್ 2, ಬಹುಚರಾಂಶ ಕ್ಯಾಲ್ಕುಲಸ್, ರೇಖೀಯ ಬೀಜಗಣಿತ, ಪ್ರೋಗ್ರಾಮಿಂಗ್. ಅಪ್ಪರ್ 9: ಸಂಭವನೀಯತೆ, ಅನುಮಾನ ಸಿದ್ಧಾಂತ, ದತ್ತಾಂಶ ಗಣನೆ ಕಡ್ಡಾಯ, 3 ವಿಭಾಗದೊಳಗಿನ ಆಯ್ಕೆ, 3 ಬೇರೊಂದು ವಿಷಯದಲ್ಲಿ ಸಂಖ್ಯಾಶಾಸ್ತ್ರದ ಅನ್ವಯಕ್ಕೆ.

ಈಗ ಎರಡೂ ಕಂಬಸಾಲಿನಲ್ಲಿ ಕಾಣಿಸಿಕೊಳ್ಳುವವನ್ನು ಸುತ್ತು ಹಾಕಿ. ಲೋವರ್‌ನಲ್ಲಿ ಎರಡು ಕ್ಯಾಲ್ಕುಲಸ್. ಅಪ್ಪರ್‌ನಲ್ಲಿ ಅನ್ವಯದ ಮೂರು ಜಾಗಕ್ಕೆ ಅರ್ಥಶಾಸ್ತ್ರ ವಿಭಾಗದ ಇಕನಾಮೆಟ್ರಿಕ್ಸ್, ಆಟದ ಸಿದ್ಧಾಂತ, ಹಣಕಾಸು ಅರ್ಥಶಾಸ್ತ್ರ ಒಪ್ಪುತ್ತವೆ. ಜೊತೆಗೆ ಸಂಖ್ಯಾಶಾಸ್ತ್ರದ ಕಾಲಶ್ರೇಣಿ ಕೋರ್ಸನ್ನು ಅರ್ಥಶಾಸ್ತ್ರ ತನ್ನ ಆಯ್ಕೆಯೆಂದು ಒಪ್ಪುತ್ತದೆ ಎಂದುಕೊಳ್ಳಿ. ಅಪ್ಪರ್‌ನಲ್ಲಿ ಹೀಗೆ ನಾಲ್ಕು ಸುತ್ತು.

ಪ್ರೌಢಶಾಲೆಯ ಗಣಗಳ ಪಾಠ ನೆನಪಿಸಿಕೊಳ್ಳಿ. ಎರಡು ಗಣಗಳ ಸಂಯೋಗದಲ್ಲಿರುವ ಗಣಾಂಶಗಳು ಎಷ್ಟು? ಮೊದಲನೆಯದು, ಎರಡನೆಯದು ಕೂಡಿಸಿ ಛೇದನದಲ್ಲಿರುವುದನ್ನು ಒಮ್ಮೆ ಕಳೆಯಬೇಕು. ಲೋವರ್: 4 + 5 − 2 = 7. ಅಪ್ಪರ್: 8 + 9 − 4 = 13. ಒಟ್ಟು 20 ಕೋರ್ಸ್, 80 ಕ್ರೆಡಿಟ್. ಎಷ್ಟು ಸುಲಭ ಎನ್ನಿಸುತ್ತದೆ. ನಾನೂ ಇಲ್ಲಿಗೇ ನಿಲ್ಲಿಸಿದ್ದೆ. ಛೇದನದಲ್ಲಿರುವುದನ್ನೆಲ್ಲ ಕಳೆಯಲು ವಿಶ್ವವಿದ್ಯಾಲಯ ಬಿಡುತ್ತದೆಯೇ ಎಂದು ಕೇಳಿರಲಿಲ್ಲ.

ಹೆಜ್ಜೆ 3: ಮಿತಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ

ಮಿತಿಯನ್ನು ಹೇಳುವವರು ಒಬ್ಬರಲ್ಲ. ಮೊದಲ ಮೇಜರ್‌ನ ವಿಭಾಗ, ಎರಡನೇ ಮೇಜರ್‌ನ ವಿಭಾಗ, ಇವೆರಡರ ಮೇಲಿನ ಕಾಲೇಜು, ಅದರ ಮೇಲಿನ ವಿಶ್ವವಿದ್ಯಾಲಯ: ನಾಲ್ಕು ಕಡೆ ನಿಯಮ ಇರಬಹುದು. ಎರಡು ಮೇಜರ್‌ಗಳು ಬೇರೆ ಬೇರೆ ಕಾಲೇಜಿಗೆ ಸೇರಿದ್ದರೆ ಐದು ಕಡೆ. ಇವುಗಳಲ್ಲಿ ಯಾವುದು ಅತಿ ಬಿಗಿಯೋ ಅದೇ ನಿಮ್ಮ ಮಿತಿ. ವಿಭಾಗ ಮೂರು ಎಂದು, ಕಾಲೇಜು ಎರಡು ಎಂದರೆ ಉತ್ತರ ಎರಡು. ನನ್ನ ವಿಷಯದಲ್ಲಿ ಆದದ್ದು ಇಷ್ಟೇ.

ನಿಯಮವನ್ನು ಹೇಳುವ ರೀತಿಯೂ ಒಂದೊಂದು ಕಡೆ ಒಂದೊಂದು ಬಗೆ. ಒಂದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಾಲ್ಕು ಕ್ಯಾಂಪಸ್‌ಗಳನ್ನು ನೋಡಿದರೆ ಸಾಕು.

ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜು ಕೋರ್ಸ್‌ಗಳನ್ನೇ ಎಣಿಸುತ್ತದೆ: ಎರಡು ಮೇಜರ್‌ಗಳ ನಡುವೆ ಎರಡಕ್ಕಿಂತ ಹೆಚ್ಚು ಅಪ್ಪರ್ ಡಿವಿಷನ್ ಕೋರ್ಸ್ ಸಲ್ಲದು. ಲಾಸ್ ಏಂಜಲಿಸ್‌ನ ಅದೇ ಹೆಸರಿನ ಕಾಲೇಜು ಯೂನಿಟ್ (ಕ್ರೆಡಿಟ್ಟಿಗೆ ಅಲ್ಲಿನ ಹೆಸರು) ಎಣಿಸುತ್ತದೆ: ಎರಡೂ ಮೇಜರ್‌ಗಳಿಗೆ ಸಾಮಾನ್ಯವಾದ ಅಪ್ಪರ್ ಡಿವಿಷನ್ ಯೂನಿಟ್‌ಗಳು 20 ಮೀರಬಾರದು. 4 ಯೂನಿಟ್ಟಿನ ಕೋರ್ಸ್ ಎಂದರೆ ಐದು. ನಡುವೆ 5 ಯೂನಿಟ್ಟಿನ ಕೋರ್ಸ್ ಬಂದರೆ ನಾಲ್ಕಕ್ಕೇ ನಿಂತೀತು.

ಸ್ಯಾನ್ ಡಿಯಾಗೊ ಉಲ್ಟಾ ಕಡೆಯಿಂದ ಹೇಳುತ್ತದೆ. ಎಷ್ಟು ಹಂಚಿಕೊಳ್ಳಬಹುದು ಎನ್ನುವುದಿಲ್ಲ; ಪ್ರತಿ ಮೇಜರ್‌ಗೂ ಅದಕ್ಕಷ್ಟೇ ಮೀಸಲಾದ ಅಪ್ಪರ್ ಡಿವಿಷನ್ ಕೋರ್ಸ್‌ಗಳು ಕನಿಷ್ಠ 10, ಅಂದರೆ 40 ಯೂನಿಟ್ ಇರಲೇಬೇಕು ಎನ್ನುತ್ತದೆ. ಹಂಚಿಕೊಳ್ಳುವ ಸಂಖ್ಯೆಯನ್ನು ನೀವೇ ಕಂಡುಹಿಡಿಯಬೇಕು. ಒಂದು ಮೇಜರ್‌ಗೆ 12, ಇನ್ನೊಂದಕ್ಕೆ 15 ಅಪ್ಪರ್ ಕೋರ್ಸ್ ಇದ್ದರೆ, ಮೊದಲನೆಯದು 2 ಬಿಟ್ಟುಕೊಡಬಲ್ಲದು, ಎರಡನೆಯದು 5. ಉತ್ತರ 2.

ಡೇವಿಸ್ ಶೇಕಡಾವಾರು ಹಿಡಿಯುತ್ತದೆ: ಪ್ರತಿ ಮೇಜರ್‌ನ ಅಪ್ಪರ್ ಡಿವಿಷನ್ ಯೂನಿಟ್‌ಗಳಲ್ಲಿ ಶೇ 80 ಅದಕ್ಕೇ ಮೀಸಲು. ಇಲ್ಲಿ ತುಸು ನಿಧಾನಿಸಿ, ಏಕೆಂದರೆ ಶೇಕಡಾ ಲೆಕ್ಕ ಮೋಸ ಮಾಡುತ್ತದೆ. 60 ಯೂನಿಟ್ಟಿನ ದೊಡ್ಡ ಮೇಜರ್‌ನಲ್ಲಿ ಶೇ 20 ಎಂದರೆ 12 ಯೂನಿಟ್, ಮೂರು ಕೋರ್ಸ್. 36 ಯೂನಿಟ್ಟಿನ ಚಿಕ್ಕ ಮೇಜರ್‌ನಲ್ಲಿ ಅದೇ ಶೇ 20 ಎಂದರೆ 7.2 ಯೂನಿಟ್. ಎರಡು ಕೋರ್ಸಿಗೆ 8 ಬೇಕು, 0.8 ಕಡಿಮೆ. ಹೀಗಾಗಿ ಒಂದೇ ಕೋರ್ಸ್. ಚಿಕ್ಕ ಮೇಜರ್ ಸುಲಭವೆಂದು ಅದನ್ನು ಜೋಡಿಸಿಕೊಂಡವರಿಗೆ ಹಂಚಿಕೆಯ ಬಾಗಿಲು ಇನ್ನೂ ಕಿರಿದಾಗುತ್ತದೆ.

ನಿಮ್ಮ ವಿಶ್ವವಿದ್ಯಾಲಯ ಯಾವುದೇ ಇರಲಿ, ಅದರ ನಿಯಮ ಈ ನಾಲ್ಕು ಬಗೆಗಳಲ್ಲಿ ಒಂದನ್ನು ಹೋಲುವ ಸಂಭವವೇ ಹೆಚ್ಚು: ಕೋರ್ಸಿನ ಮಿತಿ, ಯೂನಿಟ್ಟಿನ ಮಿತಿ, ಮೀಸಲು ಕೋರ್ಸಿನ ಕನಿಷ್ಠ, ಶೇಕಡಾವಾರು. ಯಾವ ಬಗೆಯೆಂದು ಗುರುತಿಸಿ, ಎಲ್ಲವನ್ನೂ ಒಂದೇ ಅಳತೆಗೆ ತನ್ನಿ: 'ನನ್ನ ಈ ಜೋಡಿಗೆ ಗರಿಷ್ಠ ಇಷ್ಟು ಕೋರ್ಸ್'. ಆ ಸಂಖ್ಯೆಯನ್ನು ಹಾಳೆಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಈ ನಿಯಮಗಳೂ ಬದಲಾಗಬಲ್ಲವಾದ್ದರಿಂದ ಓದುವುದು ನಿಮ್ಮ ವರ್ಷದ ಕ್ಯಾಟಲಾಗನ್ನೇ ಆಗಿರಲಿ.

ಕೆಲವು ಜೋಡಿಗಳನ್ನು ನಿಯಮವೇ ತಡೆಯುತ್ತದೆ ಎಂಬುದೂ ಗೊತ್ತಿರಲಿ. ಒಂದೇ ವಿಭಾಗದ ಎರಡು ಮೇಜರ್‌ಗಳನ್ನು ಹಲವು ಕಡೆ ಒಪ್ಪುವುದಿಲ್ಲ. ಎಷ್ಟೋ ಕೋರ್ಸ್ ಎರಡೂ ಕಡೆ ಬರುತ್ತವೆಂದು ಹಿಗ್ಗುವ ಮುಂಚೆ, ಜೋಡಿಗೆ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ.

ಹೆಜ್ಜೆ 4: ಯಾವ ಕೋರ್ಸನ್ನು ಹಂಚುವುದು ಎಂದು ಆರಿಸಿ

ನಮ್ಮ ಉದಾಹರಣೆಗೆ ಮರಳೋಣ. ನಾಲ್ಕು ಸುತ್ತು ಇವೆ, ಮಿತಿ ಎರಡು ಎಂದುಕೊಳ್ಳಿ. ಅಪ್ಪರ್ ಲೆಕ್ಕ 8 + 9 − 2 = 15 ಆಯಿತು. ಲೋವರ್ 7 ಸೇರಿ 22 ಕೋರ್ಸ್, 88 ಕ್ರೆಡಿಟ್. ಎರಡೂ ಮೇಜರ್‌ಗೆ ಸೇರಬಲ್ಲ ನಾಲ್ಕರಲ್ಲಿ ಯಾವ ಎರಡಕ್ಕೆ ಈ ಅವಕಾಶ ಕೊಡಬೇಕು?

ಯಾವುದನ್ನು ಹಂಚಿದರೂ ಉಳಿಯುವುದು ಒಂದೊಂದೇ ಕೋರ್ಸಲ್ಲವೇ, ಏನು ವ್ಯತ್ಯಾಸ ಎನ್ನಬಹುದು. ಎಣಿಕೆಯಲ್ಲಿ ವ್ಯತ್ಯಾಸವಿಲ್ಲ, ಬದುಕಿನಲ್ಲಿ ಇದೆ. ಹಂಚದ ಕೋರ್ಸಿಗೆ ಬದಲಿ ಹುಡುಕಬೇಕು. ಬದಲಿ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದೇ ಆಯ್ಕೆಯ ಅಳತೆಗೋಲು.

ಇಲ್ಲಿಯೇ 'ಕ', 'ಆ' ಗುರುತುಗಳ ಉಪಯೋಗ. ಎರಡೂ ಕಡೆ 'ಕ' ಇರುವ ಕೋರ್ಸಿಗೆ ಮೊದಲ ಮಣೆ. ಎರಡು ವಿಭಾಗಗಳೂ ಕಡ್ಡಾಯ ಮಾಡಿದ ಕೋರ್ಸನ್ನು ನೀವು ಎರಡು ಸಲ ಓದಲಾರಿರಿ. ಅದನ್ನು ಹಂಚಲು ಅವಕಾಶ ಉಳಿದಿಲ್ಲದಿದ್ದರೆ ಒಂದು ವಿಭಾಗವನ್ನು ಬೇಡಿಕೊಂಡು ಬದಲಿ ಕೋರ್ಸ್ ಗೊತ್ತುಮಾಡಿಸಿಕೊಳ್ಳಬೇಕು. ಆಮೇಲೆ ಒಂದು ಕಡೆ 'ಕ', ಇನ್ನೊಂದು ಕಡೆ 'ಆ' ಇರುವವು. ಎರಡೂ ಕಡೆ 'ಆ' ಇರುವವು ಕೊನೆಗೆ, ಏಕೆಂದರೆ ಅವುಗಳ ಬದಲಿಗೆ ಬೇರೆ ಆಯ್ಕೆಗಳು ಎಷ್ಟೋ ಸಿಗುತ್ತವೆ.

ನಮ್ಮ ನಾಲ್ಕರಲ್ಲಿ ಇಕನಾಮೆಟ್ರಿಕ್ಸ್ ಅರ್ಥಶಾಸ್ತ್ರಕ್ಕೆ ಕಡ್ಡಾಯ, ಸಂಖ್ಯಾಶಾಸ್ತ್ರಕ್ಕೆ ಆಯ್ಕೆ. ಅದು ಮೊದಲು. ಉಳಿದ ಮೂರೂ ಎರಡು ಕಡೆಯ ಆಯ್ಕೆಗಳೇ. ಅವುಗಳಲ್ಲಿ ನಾನಾದರೆ ಕಾಲಶ್ರೇಣಿಯನ್ನು ಆರಿಸುತ್ತೇನೆ. ಅದು ಕಷ್ಟದ ಕೋರ್ಸ್; ಅಷ್ಟು ಬೆವರು ಹರಿಸಿದ ಮೇಲೆ ಎರಡು ಸಾಲು ಅಳಿಯಲಿ. ಆಟದ ಸಿದ್ಧಾಂತ, ಹಣಕಾಸು ಅರ್ಥಶಾಸ್ತ್ರಗಳನ್ನು ಅರ್ಥಶಾಸ್ತ್ರದ ಖಾತೆಗೆ ಮಾತ್ರ ಬರೆದು, ಸಂಖ್ಯಾಶಾಸ್ತ್ರದ ಅನ್ವಯಕ್ಕೆ ಬೇರೆ ಎರಡನ್ನು ತೆಗೆದುಕೊಂಡರಾಯಿತು. ಆದರೆ ಆ ಎರಡು ಅರ್ಥಶಾಸ್ತ್ರ ವಿಭಾಗದವೇ ಆಗಬೇಕೋ, ಅನ್ವಯದ ವಿಷಯ ಬದಲಿಸಬಹುದೋ ಎಂಬುದನ್ನು ಸಂಖ್ಯಾಶಾಸ್ತ್ರ ವಿಭಾಗವನ್ನೇ ಕೇಳಬೇಕು.

ಕೋರ್ಸ್ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಎಂಬುದನ್ನೂ ನೋಡಿ. ವರ್ಷಕ್ಕೊಮ್ಮೆ, ಶರತ್ಕಾಲದಲ್ಲಿ ಮಾತ್ರ ನಡೆಯುವ ಬದಲಿಯನ್ನು ನಂಬಿಕೊಂಡರೆ ಒಂದು ಸಲ ಸೀಟು ಸಿಗದೆ ಹೋದರೂ ಇಡೀ ವರ್ಷ ಕಾಯಬೇಕಾದೀತು.

ಹೆಜ್ಜೆ 5: 120 ತುಂಬಿತೇ, ಅದಕ್ಕಿಂತ ಹೆಚ್ಚಾಯಿತೇ

88 ಕ್ರೆಡಿಟ್ ಎರಡು ಮೇಜರ್‌ಗಳಿಗೆ ಹೋದವು. 120ಕ್ಕೆ ಇನ್ನು 32, ಅಂದರೆ ಎಂಟು ಕೋರ್ಸ್. ಇದರಲ್ಲಿ ವಿಶ್ವವಿದ್ಯಾಲಯದ ಸಾಮಾನ್ಯ ಶಿಕ್ಷಣದ ಅಗತ್ಯಗಳು ಮುಗಿಯಬೇಕು: ಬರವಣಿಗೆ, ವಿಜ್ಞಾನ, ಮಾನವಿಕ, ಕೆಲವು ಕಡೆ ಭಾಷೆ. ಇಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. ಮೇಜರ್‌ಗೂ ಸಾಮಾನ್ಯ ಶಿಕ್ಷಣಕ್ಕೂ ನಡುವೆ ಹಂಚಿಕೊಳ್ಳುವುದನ್ನು ಬಹಳ ಕಡೆ ಉದಾರವಾಗಿ ಬಿಡುತ್ತಾರೆ. ಪರಿಚಯದ ಅರ್ಥಶಾಸ್ತ್ರವೇ ಸಮಾಜ ವಿಜ್ಞಾನದ ಅಗತ್ಯವನ್ನೂ ತೀರಿಸಬಹುದು, ಕ್ಯಾಲ್ಕುಲಸ್ ಗಣಿತದ ಅಗತ್ಯವನ್ನು. ಎರಡು ಮೇಜರ್‌ಗಳ ನಡುವಿನ ಮಿತಿಯಿಂದ ಬೇಸತ್ತವರು ಈ ಮೂರನೇ ಪಟ್ಟಿಯನ್ನು ನೋಡುವುದೇ ಇಲ್ಲ. ಹಾಳೆಯಲ್ಲಿ ಮೂರನೇ ಕಂಬಸಾಲು ಮಾಡಿ ಅದನ್ನೂ ಬರೆಯಿರಿ. ನಿಜವಾದ ಉಳಿತಾಯ ಹಲವರಿಗೆ ಸಿಗುವುದು ಅಲ್ಲೇ.

ಲೆಕ್ಕ 120ಕ್ಕಿಂತ ಕಡಿಮೆಯಾದರೆ ಇಷ್ಟದ ಕೋರ್ಸ್ ತೆಗೆದುಕೊಂಡು ತುಂಬಿಸಬೇಕು. ಬಹಳ ಮೀರಿದರೆ ಶುಲ್ಕ ನೋಡಿ. ಟೆಕ್ಸಾಸ್, ಫ್ಲೋರಿಡಾಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಬೇಕಾದುದಕ್ಕಿಂತ ತೀರಾ ಹೆಚ್ಚು ಕ್ರೆಡಿಟ್ ತೆಗೆದುಕೊಂಡ ಸ್ಥಳೀಯ ನಿವಾಸಿ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಶುಲ್ಕ ಹಾಕುವ ಕಾನೂನಿದೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಎರಡು ಮೇಜರ್ ಎಂದಾಗ ಹೆತ್ತವರು ಇದನ್ನು ವಿಚಾರಿಸುವುದು ಒಳ್ಳೆಯದು.

ಹೆಜ್ಜೆ 6: ಬಲೆಗಳನ್ನು ದಾಟಿ

ಒಂದೇ ಕೋರ್ಸ್ ಎರಡು ವಿಭಾಗಗಳ ಹೆಸರಿನಲ್ಲಿ, ಎರಡು ಸಂಖ್ಯೆಯಲ್ಲಿ ಪಟ್ಟಿಯಾಗಿರುತ್ತದೆ. ಇದಕ್ಕೆ ಕ್ರಾಸ್ ಲಿಸ್ಟಿಂಗ್ ಎನ್ನುತ್ತಾರೆ. ಅರ್ಥಶಾಸ್ತ್ರದ ಸಂಖ್ಯೆಯಲ್ಲಿ ನೋಂದಾಯಿಸಿದೆ, ಆದ್ದರಿಂದ ಸಂಖ್ಯಾಶಾಸ್ತ್ರದ ಹಂಚಿಕೆಗೆ ಸೇರಿಲ್ಲ ಎಂದು ವಾದಿಸಲಾಗದು. ಹೆಸರು ಎರಡಾದರೂ ಕೋರ್ಸ್ ಒಂದೇ.

ವಿನಾಯಿತಿಗೂ ಕ್ರೆಡಿಟ್ಟಿಗೂ ಸಂಬಂಧವಿಲ್ಲ. ನೀವು ಆಗಲೇ ಬಲ್ಲಿರೆಂದು ವಿಭಾಗ ಒಂದು ಕೋರ್ಸನ್ನು ಬಿಟ್ಟುಕೊಟ್ಟರೆ ಪಟ್ಟಿಯ ಸಾಲು ಅಳಿಯುತ್ತದೆ, ಆದರೆ 120ರ ಖಾತೆಗೆ ಏನೂ ಬೀಳುವುದಿಲ್ಲ.

ದರ್ಜೆಯ ಬಲೆ ಇನ್ನೊಂದು. ಮೇಜರ್‌ಗೆ ಎಣಿಸುವ ಕೋರ್ಸ್‌ಗಳನ್ನು ಸಾಮಾನ್ಯವಾಗಿ ಅಕ್ಷರ ದರ್ಜೆಗೇ ಓದಬೇಕು. ಪಾಸ್ ಅಥವಾ ನೋ ಪಾಸ್ ಎಂದು ತೆಗೆದುಕೊಂಡರೆ ಸಲ್ಲದು. ಹಂಚಿದ ಕೋರ್ಸಿನಲ್ಲಿ ಒಂದು ವಿಭಾಗ ಕನಿಷ್ಠ ಸಿ ಕೇಳಿ, ಇನ್ನೊಂದು ಸಿ ಮೈನಸ್ ಒಪ್ಪಿದರೆ, ನೀವು ಮುಟ್ಟಬೇಕಾದದ್ದು ಸಿ. ಆ ಕೋರ್ಸ್ ಕೈಕೊಟ್ಟರೆ ಎರಡೂ ಕಡೆ ಒಟ್ಟಿಗೆ ಕೈಕೊಡುತ್ತದೆ. ಇದೇ ಕಾರಣಕ್ಕೆ ಹಂಚಿದ ಕೋರ್ಸ್‌ಗಳನ್ನು ಕೊನೆಯ ಸೆಮಿಸ್ಟರಿಗೆ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ.

ಬೇರೆಡೆಯಿಂದ ತಂದ ಕ್ರೆಡಿಟ್: ಕಮ್ಯುನಿಟಿ ಕಾಲೇಜಿನ ಕೋರ್ಸ್‌ಗಳು ಲೋವರ್ ಡಿವಿಷನ್‌ಗೇ ಸಲ್ಲುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ಯಾವ ಕೋರ್ಸ್ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬುದನ್ನು ಅಸಿಸ್ಟ್ ಎಂಬ ಅಧಿಕೃತ ತಾಣದಲ್ಲಿ ನೋಡಬಹುದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದೆರಡು ವರ್ಷ ಬಿ.ಎಸ್ಸಿ. ಓದಿ ಹೋದವರು ಪಠ್ಯಕ್ರಮದ ಪ್ರತಿಯನ್ನು, ಪತ್ರಿಕೆಯ ಹೆಸರಷ್ಟೇ ಅಲ್ಲದೆ ಘಟಕಗಳ ವಿವರ ಸಮೇತ, ಜೊತೆಗೆ ಒಯ್ಯಬೇಕು. ಒಂದು ವಿಭಾಗ ನಿಮ್ಮ ರೇಖೀಯ ಬೀಜಗಣಿತವನ್ನು ಒಪ್ಪಿ ಇನ್ನೊಂದು ಒಪ್ಪದಿರಬಹುದು. ಒಪ್ಪಿಗೆಯನ್ನು ಎರಡೂ ಕಡೆ ಬೇರೆ ಬೇರೆ ಪಡೆಯಬೇಕು.

ಹೆಜ್ಜೆ 7: ಎಫ್-1 ವೀಸಾದವರು ದಿನಾಂಕ ನೋಡಿಕೊಳ್ಳಿ

ಕರ್ನಾಟಕದಿಂದ ಹೋದ ವಿದ್ಯಾರ್ಥಿಗಳಿಗೆ ಲೆಕ್ಕ ತಪ್ಪಿದರೆ ಆಗುವ ನಷ್ಟ ಶುಲ್ಕದಲ್ಲಿ ಮುಗಿಯುವುದಿಲ್ಲ. ಪದವಿ ಓದುವ ಎಫ್-1 (ವಿದ್ಯಾರ್ಥಿ ವೀಸಾ) ವಿದ್ಯಾರ್ಥಿ ಪ್ರತಿ ಅವಧಿಯಲ್ಲಿ ಕನಿಷ್ಠ 12 ಕ್ರೆಡಿಟ್ ಓದಬೇಕು. ಕೊನೆಯ ಅವಧಿಯಲ್ಲಿ ಉಳಿದಿರುವುದೇ ಅಷ್ಟಿಲ್ಲದಿದ್ದರೆ ಕಡಿಮೆ ಓದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಮೊದಲೇ ಪಡೆಯಬೇಕು. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ದಾಖಲೆಯಲ್ಲಿರುವ ಕೊನೆಯ ದಿನಾಂಕದೊಳಗೆ ಓದು ಮುಗಿಯದು ಎಂದಾದರೆ ವಿಸ್ತರಣೆಯನ್ನು ಆ ದಿನಾಂಕ ಕಳೆಯುವ ಮುಂಚೆಯೇ ಕೇಳಬೇಕು. ದಾಟಿದ ಮೇಲೆ ಕೇಳಿ ಪ್ರಯೋಜನವಿಲ್ಲ. ನನ್ನ ಐ-20 ಆಗಸ್ಟ್ ಕೊನೆಯವರೆಗೂ ಇದ್ದುದು ಪುಣ್ಯ.

ಎರಡನೇ ಮೇಜರ್ ಘೋಷಿಸಿದ ಕೂಡಲೇ ಆ ಕಚೇರಿಗೆ ತಿಳಿಸಿ ಐ-20ಯಲ್ಲಿ ಅದನ್ನೂ ಸೇರಿಸಿಕೊಳ್ಳಿ. ಪದವಿಯ ನಂತರ ಅಲ್ಲೇ ಕೆಲಸ ಮಾಡಲು ಬಿಡುವ 12 ತಿಂಗಳ ಒಪಿಟಿಗೆ 24 ತಿಂಗಳ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಸ್ತರಣೆ ಸಿಗುವುದು ಮೇಜರ್‌ನ ಆಧಾರದ ಮೇಲೆ. ಮೈನರ್‌ನ, ಅಂದರೆ ಕಡಿಮೆ ಕೋರ್ಸ್‌ಗಳ ಉಪವಿಷಯದ, ಆಧಾರದ ಮೇಲೆ ಸಿಗದು. ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರವನ್ನು ಮೇಜರ್ ಮಾಡುವುದೋ, ಮೈನರ್ ಮಾಡುವುದೋ ಎಂದು ತೂಗುವವರು ಇದನ್ನು ತಕ್ಕಡಿಗೆ ಹಾಕಲೇಬೇಕು.

ಆ ಕಾರಣ ಇಲ್ಲದವರಿಗೆ ಮೈನರ್ ಕೀಳಲ್ಲ ಎಂದೂ ಹೇಳುತ್ತೇನೆ. ಹಂಚಿಕೆಯ ಮಿತಿ ಅಲ್ಲಿಯೂ ಇರುತ್ತದೆ. ಬರ್ಕ್ಲಿಯ ಅದೇ ಕಾಲೇಜಿನಲ್ಲಿ ಮೇಜರ್ ಮತ್ತು ಮೈನರ್ ನಡುವೆ ಒಂದೇ ಅಪ್ಪರ್ ಡಿವಿಷನ್ ಕೋರ್ಸ್. ಆದರೆ ಒಟ್ಟು ಓದುವ ಭಾರ ಬಹಳ ಇಳಿಯುತ್ತದೆ. ನಿಮ್ಮ ಹಾಳೆಯ ಲೆಕ್ಕ ಎಂಟು ಸೆಮಿಸ್ಟರಿನಲ್ಲಿ ಪ್ರತಿ ಸಲ ಐದು ಕಠಿಣ ಕೋರ್ಸ್ ಎಂದು ಬಂದರೆ, ಎರಡನೆಯದನ್ನು ಮೈನರ್‌ಗೆ ಇಳಿಸಿ ಪ್ರೀತಿಯಿಂದ ಓದುವುದೇ ಮೇಲು.

ಹೆಜ್ಜೆ 8: ಬರಹದಲ್ಲಿ ಒಪ್ಪಿಗೆ ಪಡೆಯಿರಿ

ಡಿಗ್ರಿ ಆಡಿಟ್ ಉಪಯುಕ್ತ. ಎರಡನೇ ಮೇಜರ್ ಘೋಷಿಸುವ ಮೊದಲೇ 'ಹೀಗಾದರೆ ಏನಾಗುತ್ತದೆ' ಎಂದು ನೋಡುವ ಸೌಲಭ್ಯ ಹಲವು ಕಡೆ ಅದರಲ್ಲಿದೆ, ಬಳಸಿ. ಆದರೆ ಅದು ಪ್ರತಿ ಮೇಜರನ್ನು ಬೇರೆಯಾಗಿ ಪರಿಶೀಲಿಸಿ ಹಸಿರು ತೋರಿಸುತ್ತಿರಬಹುದು, ಎರಡರ ನಡುವಿನ ಮಿತಿಯನ್ನು ನೋಡದೇ ಇರಬಹುದು. ಕೊನೆಗೆ ಸಹಿ ಹಾಕುವವರು ಮನುಷ್ಯರು. ಅವರನ್ನೇ ಕೇಳಬೇಕು.

ಎರಡೂ ವಿಭಾಗಗಳ ಅಡ್ವೈಸರ್‌ಗಳಿಗೆ, ಕಾಲೇಜಿನ ಅಡ್ವೈಸರ್‌ಗೆ, ಮೂವರಿಗೂ ಒಂದೇ ಇಮೇಲ್ ಹಾಕಿ. ಬೇರೆ ಬೇರೆ ಕೇಳಿದರೆ ಪ್ರತಿಯೊಬ್ಬರೂ ತಮ್ಮ ಕಡೆಯ ಉತ್ತರ ಮಾತ್ರ ಕೊಡುತ್ತಾರೆ. ಪತ್ರದಲ್ಲಿ ನಿಮ್ಮ ಕ್ಯಾಟಲಾಗ್ ವರ್ಷ, ಎರಡು ಮೇಜರ್‌ಗಳ ಹೆಸರು, ಹಂಚಲು ಬಯಸುವ ಕೋರ್ಸ್‌ಗಳು ಸಂಖ್ಯೆ ಸಮೇತ, ಪ್ರತಿಯೊಂದೂ ಯಾವ ಕಡೆ ಯಾವ ಸಾಲನ್ನು ತುಂಬುತ್ತದೆ ಎಂಬುದು ಇರಲಿ. ನಂತರ ನೇರ ಪ್ರಶ್ನೆ: 'ಈ ಎರಡು ಕೋರ್ಸ್‌ಗಳನ್ನು ಎರಡೂ ಮೇಜರ್‌ಗೆ ಎಣಿಸಲು ನಿಮ್ಮ ಒಪ್ಪಿಗೆ ಇದೆಯೇ? ಇದಕ್ಕಿಂತ ಬಿಗಿಯಾದ ನಿಯಮ ಬೇರೆಲ್ಲಾದರೂ ಇದೆಯೇ?' ನಿಮ್ಮ ಹಾಳೆಯನ್ನು ಜೊತೆಗೆ ಲಗತ್ತಿಸಿ. ಅಡ್ವೈಸರ್ ಎದುರು ಕೂತು ಮಾತಾಡಿದರೂ ಅಂದೇ ಸಂಜೆ 'ಇಂದು ನೀವು ಹೀಗೆ ಹೇಳಿದಿರೆಂದು ತಿಳಿದಿದ್ದೇನೆ' ಎಂದು ಬರೆದು ಕಳಿಸಿ. ಅಡ್ವೈಸರ್‌ಗಳು ಬದಲಾಗುತ್ತಾರೆ, ಪತ್ರ ಉಳಿಯುತ್ತದೆ.

ನಿಯಮಕ್ಕೆ ವಿನಾಯಿತಿ ಬೇಕಿದ್ದರೆ ಪಿಟಿಷನ್ ಸಲ್ಲಿಸಬಹುದು. ಅದು ಒಪ್ಪಿಗೆಯಾಗುತ್ತದೆಂಬ ನಂಬಿಕೆಯ ಮೇಲೆ ಯೋಜನೆ ಕಟ್ಟಬೇಡಿ. ಆಗದಿದ್ದರೆ ಓದುವ ಕೋರ್ಸ್ ಯಾವುದೆಂದು ಹಾಳೆಯಲ್ಲಿ ಬರೆದೇ ಇರಲಿ.

ಈ ಕೆಲಸಕ್ಕೆ ಸರಿಯಾದ ಕಾಲ ಎರಡನೇ ವರ್ಷದ ಮಧ್ಯ. ಆಗ ಲೋವರ್ ಡಿವಿಷನ್ ಮುಗಿಯುತ್ತಾ ಬಂದಿರುತ್ತದೆ, ಅಪ್ಪರ್ ಇನ್ನೂ ಕೈಯಲ್ಲಿರುತ್ತದೆ. ಆಮೇಲೆ ಪ್ರತಿ ಸೆಮಿಸ್ಟರಿನ ನೋಂದಣಿಗೆ ಮುಂಚೆ ಹಾಳೆ ತೆಗೆದು ಒಮ್ಮೆ ತಾಳೆ ನೋಡಿ. ಪದವಿಗೆ ಅರ್ಜಿ ಹಾಕುವಾಗ ಎರಡೂ ಮೇಜರ್‌ಗಳ ಹೆಸರು ಅದರಲ್ಲಿದೆಯೇ ನೋಡಿ. ಪ್ರಮಾಣಪತ್ರದ ಮೇಲೆ ಮೇಜರ್‌ಗಳ ಹೆಸರನ್ನು ಮುದ್ರಿಸದ ವಿಶ್ವವಿದ್ಯಾಲಯಗಳೂ ಇರುವುದರಿಂದ, ಕೊನೆಯ ದರ್ಜೆಗಳು ಬಂದ ವಾರದಲ್ಲೇ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ (ಕೋರ್ಸ್, ದರ್ಜೆಗಳ ಪಟ್ಟಿ) ತರಿಸಿ ಎರಡೂ ಮೇಜರ್‌ಗಳು ದಾಖಲಾಗಿವೆಯೇ ಎಂದು ಓದಿ ನೋಡಿ. ಊರಿನಲ್ಲಿರುವ ಅಪ್ಪ ಅಮ್ಮನಿಗೂ ಅದರ ಒಂದು ಪ್ರತಿ ಕಳಿಸಿ.